ಮಿಣುಕಿದ ಪರದೆ, ನಾನು ಅಳಿಸಿದ ಸಾಲು

ಸಾಕ್ಷಿಮನೆ, ಬೆಟಗೇರಿ
ಫೆಬ್ರವರಿ ೩೦, ೨೧೪೪

ಕಸ್ತೂರಿ ಹಡಪದ ಮೇಡಂ ಅವರಿಗೆ, ನಮಸ್ಕಾರ.

ಮೇಲಿನ ತಾರೀಖು ಕಂಡು ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳು ಯಾವ ತಿಂಗಳಿಗೂ ಸೇರದ ರಜೆಗಳು. ನನ್ನ ಕನ್ನಡವೂ ನಿಮಗೆ ಸ್ವಲ್ಪ ಬಿಗಿಯಾಗಿ ಕೇಳಬಹುದು. ನಿಮ್ಮ ಕಾಲದ ಬರಹವನ್ನು ನಾನು ಓದಿ ಕಲಿತವಳೇ ಹೊರತು ಆಡಿ ಕಲಿತವಳಲ್ಲ. ತಪ್ಪಿದ್ದಲ್ಲಿ ಮನ್ನಿಸಿ. ಇದಕ್ಕಿಂತ ದೊಡ್ಡ ತಪ್ಪೊಂದನ್ನು ಹೇಳುವುದಿದೆ.

ನನ್ನ ಹೆಸರು ಇರಾವತಿ ಮುಳಗುಂದ. ಹದಿನಾಲ್ಕು ವರ್ಷ ಈ ಸಾಕ್ಷಿಮನೆಯಲ್ಲಿ ಯಂತ್ರಪಾಲಕಿಯಾಗಿದ್ದೆ. ಸಾಕ್ಷಿಮನೆ ಎಂದರೇನೆಂದು ಹೇಳಬೇಕು. ನಿಮ್ಮ ನಂತರದ ಎರಡು ತಲೆಮಾರುಗಳಲ್ಲಿ ಸುಳ್ಳು ಚಿತ್ರ, ಸುಳ್ಳು ದನಿಗಳು ಎಷ್ಟು ಹೆಚ್ಚಿದವೆಂದರೆ, ಸತ್ತವರು ಹೇಳದ ಮಾತನ್ನು ಹೇಳಿದಂತೆ, ಮಾಡದ ಮದುವೆಯನ್ನು ಮಾಡಿಕೊಂಡಂತೆ ಎಲ್ಲೆಲ್ಲೂ ಕಾಣತೊಡಗಿತು. ಅದನ್ನು ನಾವು ನೆರಳುಗಾಲ ಎನ್ನುತ್ತೇವೆ. ಅದು ಮುಗಿದ ಮೇಲೆ ಒಂದು ಕಟ್ಟುಪಾಡು ಬಂತು: ಹಳೆಯ ಚಿತ್ರವನ್ನು ಮೊದಲು ಉಳಿಸಿಟ್ಟ ಯಂತ್ರದಲ್ಲೇ ನೋಡಬೇಕು, ನಕಲು ಮಾಡಬಾರದು. ಅಂಥ ಯಂತ್ರಗಳೇ ಸಾಕ್ಷಿಯಂತ್ರಗಳು. ಅವು ಇರುವ ಮನೆ ಸಾಕ್ಷಿಮನೆ. ನಮ್ಮದು ಹಳೆಯ ನೇಕಾರ ಸೊಸೈಟಿಯ ಕಟ್ಟಡ. ಬಿಸಿಲು ನೆತ್ತಿಗೆ ಬಂದಾಗ ಊರೆಲ್ಲ ಬಾಗಿಲು ಹಾಕಿಕೊಂಡು ನೆಲಮಾಳಿಗೆಗೆ ಇಳಿಯುತ್ತದೆ, ಮೂರೂವರೆಗೆ ಗಂಟೆ ಹೊಡೆದ ಮೇಲೆ ಜನ ಹೊರಗೆ ಬರುತ್ತಾರೆ. ಗದಗಿನಿಂದ ಬರುವ ತಂತಿಬಂಡಿ ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ. ಇಳಿದವರು ಕೈಕಾಲು ಒರೆಸಿಕೊಂಡು, ಚಪ್ಪಲಿ ಬಿಟ್ಟು, ಅವರವರ ಯಂತ್ರದ ಮುಂದೆ ಕೂರುತ್ತಾರೆ. ಪ್ರತಿ ಯಂತ್ರಕ್ಕೂ ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ. ಮುದಿ ಯಂತ್ರಗಳು ಬಿಸಿಯಾಗಬಾರದಲ್ಲ. ನಿಮ್ಮ ಕಾಲದ ಜೋಳದ ರೊಟ್ಟಿ ಇನ್ನೂ ಇದೆ, ತಿಳಿದರೆ ನಿಮಗೆ ಖುಷಿಯಾಗಬಹುದು.

ಇಲ್ಲಿ ಏಳನೆಯ ನಂಬರಿನ ಯಂತ್ರ ನಿಮ್ಮ ಲ್ಯಾಪ್‌ಟಾಪು. ಅದನ್ನು ನಡೆಸುವ ತಂತ್ರಾಂಶ ಲಿನಕ್ಸು. ಒಳಗಿನ ಬಿಡಿಭಾಗಗಳನ್ನು ಎಷ್ಟೋ ಸಲ ಬದಲಿಸಿದ್ದೇವೆ, ಆದರೆ ನೀವು ಬರೆದದ್ದು, ಹಿಡಿದದ್ದು ಹಾಗೇ ಇದೆ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ನೀವು ಒಂದು ವರ್ಷದುದ್ದಕ್ಕೂ ಹಿಡಿದ ಇನ್ನೂರ ಹದಿನಾಲ್ಕು ವಿಡಿಯೊ ತುಣುಕುಗಳು. ಮಕ್ಕಳು ತಮ್ಮತಮ್ಮಲ್ಲೇ ಕಟ್ಟಿಕೊಂಡಿದ್ದ ಕೈಮಾತುಗಳು, ಯಾವ ಪುಸ್ತಕದಲ್ಲೂ ಇಲ್ಲದವು.

ಕಳೆದ ವರ್ಷದ ಜನವರಿಯಲ್ಲಿ ಶಂಶಾದಬಿ ಮತ್ತು ಅವರ ಗಂಡ ದೌಲಸಾಬ ನದಾಫ ಇಲ್ಲಿಗೆ ಬಂದರು. ಶಂಶಾದಬಿಗೆ ಅರವತ್ತೆಂಟು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ದೌಲಸಾಬರು ಬಂಡಿಯ ಗಾಲಿ ರಿಪೇರಿ ಮಾಡುವವರು, ಕಿವಿ ಚೆನ್ನಾಗಿದೆ, ಹೆಂಡತಿಯ ಭಾಷೆ ಕಲಿತು ನಲವತ್ತು ವರ್ಷವಾಗಿದೆ. ನಮ್ಮ ಊರಿನ ಹನ್ನೆರಡು ಕಿವುಡು ಮಕ್ಕಳಿಗಾಗಿ ಶಂಶಾದಬಿ ಆ ಹಳೆಯ ಕೈಮಾತುಗಳ ಕೋಶ ಬರೆಯುತ್ತಿದ್ದರು. ದಿನಕ್ಕೊಂದು ತುಣುಕು. ನೋಡುವುದು, ಕೈಯಲ್ಲಿ ಮಾಡಿ ನೋಡುವುದು, ದಪ್ಪ ಹಾಳೆಯ ಮೇಲೆ ಚಿತ್ರ ಬಿಡಿಸುವುದು. ಇಪ್ಪತ್ತು ನಿಮಿಷದಲ್ಲಿ ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ಅವರಿಗೆ ಎರಡು ಅವಸರಗಳಿದ್ದವು. ಒಂದು, ಕಣ್ಣಿನ ನರ ಒಣಗುವ ರೋಗ. ನಮ್ಮ ಕಾಲದಲ್ಲೂ ಅದಕ್ಕೆ ಮದ್ದಿಲ್ಲ. ಇನ್ನೊಂದು, ನಿಮ್ಮ ತರಗತಿಯ ಹಸೀನಾ. ಅವಳು ಶಂಶಾದಬಿಯ ಅಜ್ಜಿ. ನೀವು ಬರೆದಿಟ್ಟ ಪಟ್ಟಿಯ ಪ್ರಕಾರ ಆ ಹುಡುಗಿ ಶಾಲೆಗೆ ತಡವಾಗಿ ಸೇರಿದವಳು, ನೂರ ನಲವತ್ತನೆಯ ತುಣುಕಿನಿಂದ ಕಾಣಿಸುತ್ತಾಳೆ. ಮುಂದಕ್ಕೆ ಹಾರಿ ನೋಡಿಬಿಡಿ ಎಂದು ನಾನೇ ಒಮ್ಮೆ ಹೇಳಿದ್ದೆ. ಶಂಶಾದಬಿ ಕೈಯಾಡಿಸಿದರು. ದೌಲಸಾಬರು ನಗುತ್ತಾ ಹೇಳಿದ್ದರು: "ಒಂದ ದಿನ ಅಜ್ಜಿನ್ನ ನೋಡಾಕ ಹೋದ್ರ ಮಕ್ಕಳ ಪಾಠ ಒಂದ ದಿನ ಹಿಂದ ಬೀಳ್ತೈತಿ ಅಂತಾಳ್ರಿ. ತಾನ ಬರ್ತಾಳಂತ, ಬರ್ಲಿ ಅಂತ."

ಕಳೆದ ಜೂನಿನಲ್ಲಿ ನೂರ ಮೂವತ್ತೊಂದನೆಯ ತುಣುಕು ಮುಗಿದಿತ್ತು. ಆ ವಾರದ ಸೋಮವಾರ, ಯಾರೂ ಇಲ್ಲದಾಗ, ನಾನು ನಿಮ್ಮ ಯಂತ್ರಕ್ಕೆ ಅಪ್‌ಡೇಟ್ ಹಾಕಿದೆ. ಹುಬ್ಬಳ್ಳಿಯ ಉಗ್ರಾಣದಲ್ಲಿ ನಿಮ್ಮ ಕಾಲದ ಅಪ್‌ಡೇಟುಗಳ ಒಂದು ಡಬ್ಬಿ ಸಿಕ್ಕಿತ್ತು. ಸಾಕ್ಷಿಮನೆಯ ಸಮಿತಿಯ ಅಪ್ಪಣೆ ಇಲ್ಲದೆ ಹಾಗೆ ಮಾಡುವಂತಿಲ್ಲ. ಯಂತ್ರ ಬೇಗ ಎಚ್ಚರಗೊಳ್ಳಲಿ, ವರ್ಷದ ವರದಿಯಲ್ಲಿ ನನ್ನ ಹೆಸರು ಬರಲಿ ಎಂಬ ಆಸೆ, ಅಷ್ಟೆ. ನಡುವೆ ಯಂತ್ರ ಒಂದು ಪ್ರಶ್ನೆ ಕೇಳಿತು: ಈ ಕಡತವನ್ನು ಇಲ್ಲಿ ಯಾರೋ ತಿದ್ದಿದ್ದಾರೆ, ತಿದ್ದಿದ್ದನ್ನೇ ಉಳಿಸಲೋ, ಹೊಸದನ್ನು ಇಡಲೋ? ಏನು ತಿದ್ದಿದ್ದಾರೆಂದು ತೆರೆದು ನೋಡಬಹುದಿತ್ತು. ಹೊಸದಿರಲಿ ಎಂದು ಒತ್ತಿದೆ.

ಮಂಗಳವಾರ ಮಧ್ಯಾಹ್ನ ದೌಲಸಾಬರು ಎಂದಿನಂತೆ ಮುಚ್ಚಳ ತೆಗೆದರು. ಪರದೆಯ ಕೆಳಗಿನ ಅರ್ಧ ಮಿಣುಕತೊಡಗಿತು. ಬೆಳಕು ಬಂದು ಹೋಗಿ, ಗೆರೆಗೆರೆಯಾಗಿ ನಡುಗುತ್ತಿತ್ತು. ಶಂಶಾದಬಿ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡರು. ತಮ್ಮ ಕಣ್ಣೇ ಹೋಯಿತು ಎಂದುಕೊಂಡರಂತೆ.

ಸಮಿತಿಯ ಅಧ್ಯಕ್ಷೆ ಪ್ರಮೀಳಾ ಕಟಗಿ ಓಡಿಬಂದು ನನ್ನನ್ನು ಕೇಳಿದರು: "ಏನಾತು ಇರಾವತಿ? ನಿನ್ನೆ ಛಲೋ ಇತ್ತಲ್ಲ?"

ನಾನು ದೌಲಸಾಬರ ಕಡೆ ನೋಡಿದೆ. ನೋಡಿದ್ದೇ ಸಾಕಾಯಿತು.

"ನಾ ಏನೂ ಮಾಡಿಲ್ರಿ ಬಾಯಾರ," ಎಂದರು ಅವರು. "ದಿನಾ ಹೆಂಗ ತೆಗೀತೇನೋ ಹಂಗ ತೆಗದೇನ್ರಿ. ಗಾಲಿ ಬಿಚ್ಚಾವ ನಾ, ಕೈ ಹಗೂರ ಐತ್ರಿ ನಂದು."

ಅಂದೇ ಸಂಜೆ ವರದಿ ಬರೆದೆ: ಮುಚ್ಚಳವನ್ನು ಒರಟಾಗಿ ತೆರೆದ ಕಾರಣ ಪರದೆಯ ತಂತಿಗೆ ಪೆಟ್ಟಾಗಿದೆ. ಸಮಿತಿ ಗಂಡಹೆಂಡತಿ ಇಬ್ಬರಿಗೂ ಪ್ರವೇಶ ನಿಲ್ಲಿಸಿತು. ಕೆಟ್ಟ ಯಂತ್ರವನ್ನು ಸಂದರ್ಶಕರಿಗೆ ತೆರೆಯಬಾರದೆಂಬ ನಿಯಮವೂ ಇತ್ತು. ಹೊಸ ಪರದೆಗೆ ಹುಬ್ಬಳ್ಳಿಗೆ ಬರೆದರು.

ಮೇಡಂ, ವರದಿ ಬರೆಯುವಾಗ ನನಗೆ ಅನುಮಾನವಿತ್ತು, ಖಾತ್ರಿ ಇರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಇದನ್ನು ಅವಸರದ ತಪ್ಪು ಎನ್ನಬಹುದಿತ್ತು. ಆದರೆ ಆ ಶುಕ್ರವಾರ ನಾನು ಒಬ್ಬಳೇ ಕೂತು ಯಂತ್ರವನ್ನು ಪರೀಕ್ಷಿಸಿದೆ. ಮುಚ್ಚಳವನ್ನು ಎಲ್ಲ ಕೋನಕ್ಕೂ ಬಗ್ಗಿಸಿದೆ, ಅಲುಗಿಸಿದೆ. ಮಿಣುಕು ಹೆಚ್ಚಲಿಲ್ಲ, ಕಮ್ಮಿಯಾಗಲಿಲ್ಲ. ತಂತಿಗೆ ಪೆಟ್ಟಾಗಿದ್ದರೆ ಹಾಗಿರುವುದಿಲ್ಲ. ಯಂತ್ರದ ಹೊರಗೆ ಬೇರೊಂದು ಪರದೆ ಜೋಡಿಸಿದೆ, ಅದರಲ್ಲಿ ಮಿಣುಕಿಲ್ಲ; ಚಿತ್ರ ಕಳಿಸುವ ಭಾಗ ಸರಿಯಿದೆ ಎಂದಾಯಿತು. ಕೊನೆಗೆ ಯಂತ್ರವನ್ನು ಆರಿಸಿ ಹಚ್ಚಿ, ಲಿನಕ್ಸು ಏಳುವುದಕ್ಕೆ ಮೊದಲು ಬರುವ ಸೆಟ್ಟಿಂಗುಗಳ ಪುಟದಲ್ಲೇ ನಿಲ್ಲಿಸಿದೆ. ಅರ್ಧ ಗಂಟೆ ನೋಡುತ್ತಾ ಕೂತೆ. ಕಲ್ಲಿನ ಹಾಗೆ ನಿಶ್ಚಲವಾಗಿತ್ತು. ಪರದೆ ಗಟ್ಟಿಯಾಗಿದೆ, ತಂತಿ ಗಟ್ಟಿಯಾಗಿದೆ, ಕೆಟ್ಟದ್ದು ನಾನು ಹಾಕಿದ್ದು ಎಂದು ಆಗ ತಿಳಿಯಿತು. ತಿಳಿದೂ ಸುಮ್ಮನಿದ್ದೆ. ಮೊದಲು ಸರಿಪಡಿಸಿ ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಸರಿಪಡಿಸಲು ಆಗಲಿಲ್ಲ. ಲಿನಕ್ಸಿನ ತಿರುಳಾದ ಕರ್ನಲಿನ ಹಳೆಯ ಆವೃತ್ತಿಯಿಂದ ಯಂತ್ರ ಎಬ್ಬಿಸಿದೆ, ಅದರಲ್ಲೂ ಮಿಣುಕಿತು. ಪರದೆಯ ವೇಗ ಬದಲಿಸಿದೆ, ಅದರಲ್ಲಿ ತೆರೆಯುವ ಕಿಟಕಿಗಳ ನೆರಳು, ಮಿನುಗು ಎಲ್ಲ ತೆಗೆದೆ, ಬೇರೆ ಬಗೆಯ ಡೆಸ್ಕ್‌ಟಾಪಿಗೆ ಹೋದೆ. ಏನೂ ಆಗಲಿಲ್ಲ. ಒಂದು ಸಂಗತಿ ಮಾತ್ರ ಗಮನಕ್ಕೆ ಬಂತು. ಪರದೆಯ ಮೇಲೆ ಏನೂ ಚಲಿಸದಿದ್ದಾಗಲಷ್ಟೇ ಅದು ಮಿಣುಕುತ್ತಿತ್ತು. ಮೌಸ್ ಅಲುಗಿಸಿದರೆ ನಿಲ್ಲುತ್ತಿತ್ತು. ನಿಮ್ಮ ಒಂದು ತುಣುಕು ಹಾಕಿ ನೋಡಿದೆ. ಮಕ್ಕಳು ಕೈಯಾಡಿಸುತ್ತಿದ್ದಷ್ಟು ಹೊತ್ತೂ ಚಿತ್ರ ನೀರಿನಂತೆ ತಿಳಿಯಾಗಿತ್ತು.

ಅಂದರೆ ಶಂಶಾದಬಿ ಮರುದಿನದಿಂದಲೇ ಬಂದು ನೋಡಬಹುದಿತ್ತು. ಇನ್ನು ಒಂಬತ್ತು ದಿನಕ್ಕೆ ಹಸೀನಾ ಬರುತ್ತಿದ್ದಳು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಯಾಕೆ ಹೀಗೆ ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ ಎಂದು ಯಂತ್ರಕ್ಕೆ ಬಟ್ಟೆ ಮುಚ್ಚಿ ಎದ್ದೆ.

ಏಳು ತಿಂಗಳು. ಮೊದಲ ತಿಂಗಳು ದೌಲಸಾಬರು ದಿನಾಲೂ ಮೂರೂವರೆಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. "ಪರದೆ ಬಂತೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಎದ್ದು ಹೋಗುತ್ತಿದ್ದರು. ಒಂದು ದಿನ ನಿಂತರು. "ಆಕಿಗೆ ಬರಬರ್ತ ಅಂಚು ಕಪ್ಪಾಗಾಕತ್ತೈತ್ರಿ. ನಡಕಿಂದಷ್ಟ ಕಾಣತೈತಿ. ನನ್ನ ಬ್ಯಾಡ್ರಿ, ನಾ ಒಳಗ ಕಾಲಿಡಾಂಗಿಲ್ಲ. ಆಕಿನ್ನೊಬ್ಬಾಕಿನ್ನ ಬಿಡ್ರಿ." ಸಮಿತಿಗೆ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಆಮೇಲೆ ಅವರು ಬರುವುದನ್ನು ಬಿಟ್ಟರು, ನನಗೆ ಹಗುರವೆನಿಸಿತು.

ಈ ಜನವರಿಯ ಮೊದಲ ದಿನಗಳಲ್ಲಿ ಪರದೆ ಬಂತು. ಅಧ್ಯಕ್ಷೆಯ ಎದುರೇ ಮುಚ್ಚಳದೊಳಗೆ ಜೋಡಿಸಿದೆ. ಹೊಸ ಪರದೆಯೂ ಹಾಗೇ ಮಿಣುಕಿತು.

"ಹಂಗಾದ್ರ ಮುಚ್ಚಳದ್ದಲ್ಲ ಬಿಡು," ಎಂದರು ಪ್ರಮೀಳಾ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮುಖ ಮಾತ್ರ ಬಾಡಿತ್ತು. "ಆ ಮುದುಕನ್ನ ಸುಮ್ನ ಹೊರಗ ಹಾಕಿದ್ವೇನು?"

ಆ ದಿನ ನಿಮ್ಮ ಯಂತ್ರದಲ್ಲಿರುವ ಬರಹವನ್ನೆಲ್ಲ ಒಂದೊಂದಾಗಿ ತೆರೆಯುತ್ತಾ ಹೋದೆ. ಪಾಠದ ಟಿಪ್ಪಣಿ, ಹಾಜರಿ, ರಜಾಚೀಟಿ. ಕೊನೆಗೆ "ಸಂತೆ" ಎಂಬ ಕಡತ. ಮೆಂತ್ಯ ಎರಡು ಸಿವುಡು, ಹಸಿಮೆಣಸಿನಕಾಯಿ, ಚುನಮರಿ, ಮಕ್ಕಳಿಗೆ ಬಣ್ಣದ ಹಾಳೆ. ಅದರ ಕೆಳಗೆ ನೀವು ಬರೆದಿದ್ದೀರಿ: "ಸ್ಕ್ರೀನ್ ಮಿಣುಕುವುದು ನಿಂತಿತು! ಮೂರು ದಿನ ತಲೆ ತಿಂದಿತು. ಪರದೆ ತಾನೇ ಚಿತ್ರ ಹಿಡಿದುಕೊಂಡು ಕರೆಂಟು ಉಳಿಸುವ ಜಾಣತನ ಮಾಡುತ್ತದಂತೆ, ಪಿಎಸ್ಆರ್ ಅಂತ ಹೆಸರು. ಯಂತ್ರ ಏಳುವಾಗ ಓದುವ ಗ್ರಬ್ ಕಡತದಲ್ಲಿ ಅದನ್ನು ಸೊನ್ನೆ ಮಾಡಿ ನಿಲ್ಲಿಸಿದ್ದೇನೆ. ಆ ಸಾಲು ಅಳಿಸಬಾರದು, ಮರೆಯಬಾರದು." ಮತ್ತೆ ಕೆಳಗೆ ಬೆಳ್ಳುಳ್ಳಿ, ಸಾಬೂನು.

ನೀವು ಸೇರಿಸಿದ್ದ ಆ ಸಾಲನ್ನೇ ನಾನು, ಹೊಸದಿರಲಿ ಎಂದು ಒತ್ತಿ, ನೋಡದೆ ಅಳಿಸಿದ್ದು. ತಿರುಗಿ ಬರೆದೆ, ಗ್ರಬ್ಬನ್ನು ಹೊಸದಾಗಿಸಿದೆ, ಯಂತ್ರ ಆರಿಸಿ ಹಚ್ಚಿದೆ. ಮಿಣುಕು ನಿಂತಿತು. ಎಲ್ಲ ಸೇರಿ ಆರು ನಿಮಿಷ ಹಿಡಿಯಿತು.

ಅಲ್ಲಿಂದ ನೇರವಾಗಿ ಅಧ್ಯಕ್ಷೆಯ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನ ಹಳೆಯ ವರದಿಯನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರು. "ನಂಗ್ಯಾಕ ಹೇಳ್ತಿ? ಅವರ ಮನಿಗೆ ಹೋಗು ಮೊದಲ," ಎಂದರು.

ಶಂಶಾದಬಿ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಳನ್ನು ಬೆರಳಿನಿಂದ ತಡವಿ ಹುಳುಕು ಬೇರೆ ಮಾಡುತ್ತಿದ್ದರು. ನಾನು ಎದುರು ನಿಂತೆ, ಅವರು ತಲೆ ಎತ್ತಲಿಲ್ಲ. ದೀಪಾವಳಿಯ ಹೊತ್ತಿಗೆ ಕಣ್ಣು ಪೂರ್ತಿ ಹೋಯಿತೆಂದು ದೌಲಸಾಬರು ಹೇಳಿದರು. ಈಗ ಇಬ್ಬರೂ ಅಂಗೈಯಲ್ಲಿ ಕೈ ಇಟ್ಟು ಮಾತಾಡುತ್ತಾರೆ.

ನಾನು ಹೇಳಿದ್ದನ್ನು ದೌಲಸಾಬರು ಪೂರ್ತಿ ಕೇಳಿಸಿಕೊಂಡರು. ಅಪ್‌ಡೇಟು, ವರದಿ, ಶುಕ್ರವಾರ, ತಿಳಿಯಾಗಿ ಓಡಿದ ತುಣುಕು, ಎಲ್ಲವನ್ನೂ. ದಯವಿಟ್ಟು ಇವರಿಗೆ ಹೇಳಿ ಎಂದೆ.

"ನಾ ಹೇಳಾಂಗಿಲ್ರಿ," ಎಂದರು. "ಏಳ ತಿಂಗಳ ಆಕಿ ನನ್ನ ಕೈ ಒರಟ ಅಂತ ತಿಳ್ಕೊಂಡಾಳ. ನಿಮ್ಮ ಕೈಲೇ ಹೇಳ್ರಿ."

"ನನಗೆ ಬರೋದಿಲ್ರಿ."

"ಕಲಸ್ತೇನಿ. ಬರ್ರಿ, ಕುಂದರ್ರಿ."

ನನ್ನ ಬೆರಳು ಹಿಡಿದು, ಶಂಶಾದಬಿಯ ಅಂಗೈಯಲ್ಲಿ ಇರಿಸಿ, ಒಂದೊಂದೇ ಮಾತು ಮಾಡಿಸಿದರು. ನಾನು. ಸುಳ್ಳು. ಬರೆದೆ. ಇವರ. ಕೈ. ತಪ್ಪಿಲ್ಲ. "ಸುಳ್ಳು" ಎನ್ನುವುದು ನಿಮ್ಮ ಮಕ್ಕಳ ಮಾತು, ಬೆರಳನ್ನು ಕೊಕ್ಕೆ ಮಾಡಿ ಅಂಗೈಯ ಮೇಲೆ ಅಡ್ಡ ಎಳೆಯುವುದು. ನಿಮಗೆ ಗೊತ್ತಿರುತ್ತದೆ. ನಾನು ಅದನ್ನು ಎರಡು ಸಲ ಮಾಡಬೇಕಾಯಿತು, ಮೊದಲ ಸಲ ಕೊಕ್ಕೆ ಸರಿಯಾಗದೆ ಅವರಿಗೆ ತಿಳಿಯಲಿಲ್ಲ.

ಶಂಶಾದಬಿ ಕೈ ಹಿಂದೆಗೆದುಕೊಂಡರು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು. ಗಂಡನ ಕೈ ಹುಡುಕಿ, ಹಿಡಿದು, ಹಣೆಗೆ ಒತ್ತಿಕೊಂಡು ಹಾಗೇ ಕೂತರು. ಆಮೇಲೆ ಅವರು ಗಂಡನ ಕೈಯಲ್ಲಿ ಏನೋ ಹೇಳಿದರು.

"ನಾಳೆ ಎಷ್ಟ ಗಂಟೆಕ್ಕ ತೆಗೀತಾರ ಅಂತ ಕೇಳಾಕತ್ತಾಳ್ರಿ," ಎಂದರು ದೌಲಸಾಬರು. ನನ್ನ ಬಗ್ಗೆ ಏನಾದರೂ ಹೇಳಿದರೇ ಎಂದು ಕೇಳಿದೆ. "ಇಲ್ರಿ," ಎಂದರು.

ಸಮಿತಿ ನನ್ನನ್ನು ಯಂತ್ರಪಾಲಕಿಯ ಕೆಲಸದಿಂದ ತೆಗೆಯಿತು. ನನ್ನ ಹಳೆಯ ವರದಿಯನ್ನು ಬಾಗಿಲಲ್ಲಿ ತೂಗುಹಾಕಿ, ಅದರ ಪಕ್ಕ ನಿಜವನ್ನು ನನ್ನ ಕೈಯಲ್ಲೇ ಬರೆಸಿತು. ಈಗ ನಾನು ಇಲ್ಲೇ ಧೂಳು ಒರೆಸುತ್ತೇನೆ. ತಪ್ಪು ಮಾಡಿದ ಪಾಲಕರು ಯಂತ್ರದ ಮೂಲ ಒಡೆಯರಿಗೆ ಪತ್ರ ಬರೆದು ಆ ಯಂತ್ರದ ಪೆಟ್ಟಿಗೆಯಲ್ಲಿ ಇಡಬೇಕೆಂಬುದು ನಮ್ಮ ರೂಢಿ, ಅದನ್ನು ಹಿಂದೋಲೆ ಎನ್ನುತ್ತೇವೆ. ಇದು ಅದೇ. ಅದು ಯಾರಿಗೂ ತಲುಪಿದ್ದನ್ನು ನಾವು ಕೇಳಿಲ್ಲ.

ದೌಲಸಾಬರು ಈಗ ಒಬ್ಬರೇ ಪರದೆ ನೋಡುತ್ತಾರೆ. ನೋಡಿದ್ದನ್ನು ಹೆಂಡತಿಯ ಕೈಯಲ್ಲಿ ಮಾಡುತ್ತಾರೆ. ಚಿತ್ರ ಬಿಡಿಸುವ ಕೆಲಸ ಪ್ರಮೀಳಾ ವಹಿಸಿಕೊಂಡಿದ್ದಾರೆ. ನೂರ ನಲವತ್ತನೆಯದು ಬಂದ ದಿನ ನಾನು ದೂರದಲ್ಲಿ ಕಿಟಕಿ ಒರೆಸುತ್ತಿದ್ದೆ. ದೌಲಸಾಬರು ತುಣುಕನ್ನು ಅರ್ಧದಲ್ಲೇ ತಡೆದು, ಹೆಂಡತಿಯ ಬೆರಳನ್ನು ತಮ್ಮ ಬಾಯೊಳಗೆ, ಎಡಗಡೆ, ಹಲ್ಲಿಲ್ಲದ ಕಡೆ ಮುಟ್ಟಿಸಿದರು. ನಿಮ್ಮ ಹಸೀನಾಗೆ ಆಗ ಅಲ್ಲಿ ಹಲ್ಲು ಬಿದ್ದಿತ್ತಲ್ಲವೇ? ಶಂಶಾದಬಿ ನಕ್ಕರು. ನಾನು ಬಟ್ಟೆ ಹಿಂಡಲು ಹೊರಗೆ ಹೋದೆ.

ಮೊನ್ನೆ ಶಂಶಾದಬಿ ಮೊದಲ ಬಾರಿಗೆ ನನ್ನನ್ನು ಕರೆದರು. ಕ್ಷಮಿಸಲು ಅಲ್ಲ. ನಾನು ನಿಮಗೆ ಪತ್ರ ಬರೆಯುತ್ತೇನೆಂದು ತಿಳಿದು, ಒಂದು ಮಾತು ಸೇರಿಸು ಎಂದು ಗಂಡನ ಮೂಲಕ ಹೇಳಿಸಿದರು. ನೂರ ಎಂಬತ್ತಮೂರನೆಯ ತುಣುಕಿನಲ್ಲಿ ಹಸೀನಾ ನಿಮ್ಮನ್ನು ನೋಡಿ ಏನೋ ಹೇಳುತ್ತಾಳೆ. ಮೊದಲೆರಡು ಕೈಮಾತು ತಿಳಿಯುತ್ತವೆ: "ದೊಡ್ಡವಳಾದ ಮೇಲೆ" ಮತ್ತು "ನನ್ನ". ಮೂರನೆಯದನ್ನು ಹೇಳುವಾಗ ಅವಳ ಕೈ ಚಿತ್ರದ ಅಂಚಿನಿಂದ ಕೆಳಗೆ ಹೋಗುತ್ತದೆ. ದೌಲಸಾಬರು ಅಲ್ಲಿಗೆ ಬಂದು ಪ್ರತಿ ಸಲ ನಿಲ್ಲುತ್ತಾರೆ, ಶಂಶಾದಬಿ ಅಂಗೈ ಬಿಚ್ಚಿಕೊಂಡು ಕಾಯುತ್ತಾರೆ. ನೀವು ಎದುರಿಗೇ ಇದ್ದಿರಿ, ನೋಡಿದ್ದೀರಿ. ದಯವಿಟ್ಟು ಅದೇನೆಂದು ಎಲ್ಲಾದರೂ ಬರೆದಿಡಿ ಮೇಡಂ. ಸಂತೆಯ ಚೀಟಿಯಲ್ಲಾದರೂ ಆದೀತು. ಇನ್ನೂ ಆ ದಿನ ಬಂದಿಲ್ಲದಿದ್ದರೆ, ಕ್ಯಾಮೆರಾವನ್ನು ಒಂದು ಗೇಣು ಕೆಳಗಿಡಿ.

ಇರಾವತಿ ಮುಳಗುಂದ