ಮುಖ ತೋರಿಸದ ಗಣಿತದ ಮೇಷ್ಟ್ರಿಗೆ

ಆದೋನಿ
15 ಸೆಪ್ಟೆಂಬರ್ 2024, ಭಾನುವಾರ

ಚೇತನಾಳ ಅಪ್ಪನವರಿಗೆ ಮಂಗಳಾಳ ಶರಣು.

ನೀವು ಬಳ್ಳಾರಿಯಿಂದ ಕಳಿಸಿದ ಲಕೋಟೆ ಕಳೆದ ತಿಂಗಳೇ ತಲುಪಿತು. ಒಳಗೆ ಎರಡು ಕಾಗದ. ಒಂದರಲ್ಲಿ ಗಣಿತ ಹೇಳಿಕೊಡುವ ನಾಲ್ಕು ವಿಡಿಯೋ ಚಾನೆಲ್‌ಗಳ ಹೆಸರು, ಜೊತೆಗೆ ‘ಮಗಳ ಹೋಂವರ್ಕಿಗೆ ಯಾವುದು ಉಪಯೋಗ, ನೋಡಿ ಬರೆ’ ಎಂಬ ಅಪ್ಪಣೆ. ಇನ್ನೊಂದು ಹಾಸ್ಟೆಲಿನ ಅರ್ಜಿ. ದಸರೆಯೊಳಗೆ ಚೇತನಾಳ ಗಣಿತ ಸುಧಾರಿಸದಿದ್ದರೆ ಆಕೆಯನ್ನು ಬಳ್ಳಾರಿಯ ಹಾಸ್ಟೆಲಿಗೆ ಸೇರಿಸುವುದು ಎಂದು ಬರೆದು, ನನ್ನ ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತನ್ನೂ ಹಾಕಿದ್ದೀರಿ. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೆಯ ವಾಕ್ಯಕ್ಕೆ ಜಗಳ ಎಂದು ಪತ್ರದ ನಿಯಮ ಮಾಡಿದವಳು ನಾನೇ. ಆದ್ದರಿಂದ ಉತ್ತರವೂ ಪತ್ರದಲ್ಲೇ. ‘ಪ್ರಾಸ ಬಿಟ್ಟು ವಿಷಯಕ್ಕೆ ಬಾ’ ಎಂದು ನೀವು ಅನ್ನುವುದು ಇಲ್ಲಿಗೇ ಕೇಳಿಸುತ್ತಿದೆ. ಪ್ರಯತ್ನಿಸುತ್ತೇನೆ, ಖಾತ್ರಿ ಕೊಡಲಾರೆ.

ಮೂರು ವಾರ ನೋಡಿದೆವು. ಶಾಲೆ ಬಿಟ್ಟು ಬಂದು ಚಹಾ ಕುಡಿದ ಮೇಲೆ ದಿನಕ್ಕೊಂದು. ನಾನು ಹೊಲಿಗೆ ಮಷೀನಿನ ಮುಂದೆ, ಚೇತನಾ ಫೋನಿನ ಮುಂದೆ, ನಿಮ್ಮ ತಾಯಿ ಇಬ್ಬರ ಮಧ್ಯೆ. ಪರೀಕ್ಷಾ ವಿಧಾನ ಹೀಗಿತ್ತು: ವಿಡಿಯೋ ಮುಗಿದ ಮೇಲೆ ಫೋನನ್ನು ಬೋರಲು ಹಾಕಿ, ಅದರಲ್ಲಿ ಹೇಳಿದ್ದನ್ನು ಚೇತನಾ ಅಜ್ಜಿಗೆ ತಿಳಿಸಿ ಹೇಳಬೇಕು. ಶಾಲೆಯ ಮೆಟ್ಟಿಲು ಹತ್ತದ ಅತ್ತೆ ತಲೆಯಾಡಿಸಿದರೆ ಆ ಮೇಷ್ಟ್ರು ಪಾಸು. ಅತ್ತೆ ಸುಳ್ಳುಸುಳ್ಳೇ ತಲೆಯಾಡಿಸುವವರಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮೊದಲನೆಯ ಚಾನೆಲ್: ಬಣ್ಣ ಬಹಳ, ಗಣಿತ ವಿರಳ. ಹಿನ್ನೆಲೆಯಲ್ಲಿ ಮದುವೆಯ ಬ್ಯಾಂಡು. ಭಿನ್ನರಾಶಿ ತಿಳಿಸಲು ಪಿಜ್ಜಾ ಕೊಯ್ದರು. ‘ಪಿಜ್ಜಾ ಅಂದ್ರೇನವಾ?’ ಎಂದು ಅತ್ತೆ ಕೇಳಿದರು. ‘ಮ್ಯಾಲೆ ಏನೇನೋ ಹಚ್ಚಿದ ರೊಟ್ಟಿ, ಅಜ್ಜಿ’ ಅಂದಳು ಇವಳು. ‘ಹಂಗಾರ ರೊಟ್ಟೀನ ಕೊಯ್ಯಬೇಕಿತ್ತಲ್ಲ, ಅಷ್ಟು ದೂರ ಯಾಕ ಹೋದ?’ ಅಲ್ಲಿಗೆ ಆ ಮೇಷ್ಟ್ರು ಫೇಲು.

ಎರಡನೆಯವರು ತೆಲುಗಿನವರು. ದೊಡ್ಡ ವಿದ್ವಾಂಸರು, ಅನುಮಾನವಿಲ್ಲ. ನಾವು ಅಂಶ, ಛೇದ ಅನ್ನುವುದಕ್ಕೆ ಅವರು ‘ಲವಂ ಪೈನ, ಹಾರಂ ಕಿಂದ’, ಅಂದರೆ ಲವ ಮೇಲೆ, ಹಾರ ಕೆಳಗೆ, ಅಂದರು. ‘ಹಾರ ಯಾಕ ಕೆಳಗ ಇಡ್ತಾರವ್ವಾ, ಕೊಳ್ಳಾಗ ಹಾಕಂಗಿಲ್ಲೇನು?’ ಎಂದು ಚೇತನಾ ಕೇಳಿದಳು. ತಪ್ಪು ಅವರದಲ್ಲ. ಬೀದಿಯಲ್ಲಿ ತೆಲುಗು ಮಾತಾಡುವ ಹುಡುಗಿಗೆ ಗಣಿತದ ತೆಲುಗು ಬರಲೇಬೇಕೆಂದಿಲ್ಲ. ಐದನೆಯ ತನಕ ಕನ್ನಡ ಶಾಲೆಯಲ್ಲಿದ್ದವಳಿಗೆ ಈಗ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ತೆಲುಗಿನಲ್ಲಿ, ತಲೆ ಕೆರೆದುಕೊಳ್ಳುವುದು ಮಾತ್ರ ಕನ್ನಡದಲ್ಲಿ.

ಮೂರನೆಯವಳು ಇಂಗ್ಲಿಷಿನ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಇವಳನ್ನು ಎಷ್ಟು ಹೊಗಳಿದರೂ ಕಡಿಮೆ. ಲೆಕ್ಕವನ್ನು ಅರ್ಧಕ್ಕೆ ತಂದು, ಇಲ್ಲಿ ನಿಲ್ಲಿಸಿ ನೀವೇ ಮಾಡಿ ನೋಡಿ, ನಾನೆಲ್ಲೂ ಹೋಗುವುದಿಲ್ಲ ಎಂದು ನಗುತ್ತಾಳೆ. ಉತ್ತರ ಹೇಳಿಬಿಡುವ ಆಸೆಯನ್ನು ನುಂಗಿಕೊಳ್ಳುವುದು ದೊಡ್ಡ ವಿದ್ಯೆ. ವಿಡಿಯೋ ನಿಲ್ಲಿಸಿ ಪೆನ್ಸಿಲು ಹಿಡಿಯುವುದನ್ನು ಚೇತನಾ ಕಲಿತದ್ದು ಇವಳಿಂದಲೇ. ಮಾತಿನ ವೇಗ ತಗ್ಗಿಸಿ ಕೇಳಬೇಕಾಯಿತು, ಆಗ ಮಾತ್ರ ಪಾಪ ನಿದ್ದೆಗಣ್ಣಿನಲ್ಲಿ ಪಾಠ ಮಾಡಿದ ಹಾಗಿತ್ತು. ಹತ್ತಕ್ಕೆ ಎಂಟು.

ಇನ್ನು ನಾಲ್ಕನೆಯವರು. ಇವರ ಮುಖ ಕಾಣುವುದಿಲ್ಲ. ಒಂದು ಕೈ, ಒಂದು ಸ್ಲೇಟು, ಒಂದು ಧ್ವನಿ. ಇದು ಯಾರೆಂದು ನೀವು ಪಟ್ಟಿಯಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ‘ಅಂದ್ರ’ ಎಂಬ ಮೊದಲ ಮಾತಿಗೇ ಮಷೀನಿನ ಮೇಲೆ ನನ್ನ ಕಾಲು ನಿಂತಿತು. ಅತ್ತೆ ಫೋನನ್ನು ಎತ್ತಿ, ಹಿಂದೆಮುಂದೆ ತಿರುಗಿಸಿ ನೋಡಿ, ‘ಇವ ನಮ್ಮ ರುದ್ರೇಶ ಅಲ್ಲೇನ? ಇಷ್ಟು ಸಣ್ಣ ದನಿ ಯಾವಾಗಿಂದ ಬಂತು ಇವಗ?’ ಅಂದರು. ಚೇತನಾ ಮಾತ್ರ ಪೆನ್ಸಿಲು ಚೂಪು ಮಾಡುತ್ತಾ ಕೂತಿದ್ದಳು. ಆಕೆಗೆ ಮೊದಲೇ ಗೊತ್ತಿತ್ತು.

ಸಂಕೋಚ ಬಿಟ್ಟು ಬರೆಯುತ್ತೇನೆ. ನಾಲ್ವರಲ್ಲಿ ನೀವೇ ಮೇಲು.

ಜುಲೈ ಪರೀಕ್ಷೆಯಲ್ಲಿ ಆಕೆಗೆ ಇಪ್ಪತ್ತೈದಕ್ಕೆ ಒಂಬತ್ತು ಬಂದಾಗ ನಾನು ಕಣ್ಣೀರು ಹಾಕಿದೆ, ಶಾಲೆಯವರು ಬೈದರು, ಕಾರಣ ಯಾರಿಗೂ ಹೊಳೆಯಲಿಲ್ಲ. ಭಾನುವಾರದ ಫೋನಿನಲ್ಲಿ ಆಕೆ ಪ್ರಶ್ನೆಯನ್ನು ಓದಿ ಹೇಳಿದ ಕೂಡಲೇ ನಿಮಗೆ ತಿಳಿಯಿತಂತೆ. ಇಂಗ್ಲಿಷ್ ಪ್ರಶ್ನೆಯ ಕೆಳಗಿನ ತೆಲುಗು ಸಾಲಿನಲ್ಲಿ ಮುಕ್ಕಾಲು ಮತ್ತು ಐದರಲ್ಲಿ ಎರಡು ಭಾಗದ ‘ಲಬ್ಧಂ’ ಕೇಳಿದ್ದರು. ತೆಲುಗಿನಲ್ಲಿ ಹಾಗೆಂದರೆ ಗುಣಿಸಿ ಬಂದದ್ದು. ನಮ್ಮ ಕನ್ನಡ ಶಾಲೆಯ ಟೀಚರು ಭಾಗಲಬ್ಧವನ್ನು ತುಂಡು ಮಾಡಿ ‘ಲಬ್ಧ’ ಎಂದೇ ರೂಢಿ ಮಾಡಿಸಿದ್ದರು. ಹುಡುಗಿ ಎರಡೆರಡು ಅಂಕದ ಅಂಥ ಎಂಟೂ ಲೆಕ್ಕಗಳನ್ನು ಭಾಗಿಸಿಟ್ಟಿದ್ದಾಳೆ. ಒಂದು ಭಾಗಾಕಾರವೂ ತಪ್ಪಿಲ್ಲ, ಅವಕ್ಕೆ ಒಂದು ಅಂಕವೂ ಬಂದಿಲ್ಲ.

ಬುಧವಾರಕ್ಕೆ ನಿಮ್ಮ ಮೊದಲ ವಿಡಿಯೋ. ‘ಲಬ್ಧ ಅಂದ್ರ ಬಂದದ್ದು, ಅಷ್ಟ. ಎಲ್ಲಿಂದ ಬಂತು ಅಂತ ಕೇಳಬೇಕು. ಗುಣಿಸಿ ಬಂತೋ, ಭಾಗಿಸಿ ಬಂತೋ? ಕನ್ನಡದಾಗ ಗುಣಲಬ್ಧ, ಭಾಗಲಬ್ಧ ಅಂತ ಅದರ ಮುಂದ ಬರೆದಿರ್ತೈತಿ. ತೆಲುಗಿನಾಗ ಬರೀ ಲಬ್ಧಂ ಅಂದ್ರ ಗುಣಿಸೂದು.’ ನಾಲ್ಕು ನಿಮಿಷದಲ್ಲಿ ಇದನ್ನೇ ಮೂರು ಸಲ ಹೇಳಿದಿರಿ, ಮೂರು ಸಲವೂ ಮೊದಲ ಸಲದಷ್ಟೇ ಮೆತ್ತಗೆ. ಅತ್ತೆ ಎರಡು ಸಲ ತಲೆಯಾಡಿಸಿದರು. ಎರಡು ಭಾಷೆಯ ನಡುವೆ ಕಾಲು ಸಿಕ್ಕಿಸಿಕೊಂಡ ಮಗುವಿಗೆ ಇಂಥ ಪಾಠವನ್ನು ಬೇರೆ ಯಾವ ಚಾನೆಲ್ ಮಾಡೀತು? ನೋಡಿದವರು ನಲವತ್ತೊಂದು ಎಂದು ಕೆಳಗೆ ತೋರಿಸುತ್ತದೆ. ಅದರಲ್ಲಿ ಮೂವತ್ತು ನಮ್ಮ ಮನೆಯವೇ ಇರಬೇಕು. ಬೇಸರ ಪಡಬೇಡಿ, ನೋಟ ಕಡಿಮೆ, ಪಾಠ ಮಹಿಮೆ.

ಚಿಪ್ಪಗಿರಿಯ ನನ್ನ ತವರಿಗೆ ಹೋಗುವಾಗಲೂ ಚೇತನಾ ಶೇರ್ ಆಟೋದಲ್ಲಿ ಅದನ್ನೇ ಹಚ್ಚಿದ್ದಳು. ಪಕ್ಕದಲ್ಲಿ ಕೂತಿದ್ದ ನರಸಣ್ಣ, ಅದೇ ನಮ್ಮ ಓಣಿಯ ಹತ್ತಿ ದಲಾಲಿ, ಇಳಿಯುವ ತನಕ ಕೇಳಿ, ‘ಈ ಸಾರು ಚಾಲಾ ಬಾಗ ಚೆಪ್ತಾರ್ರಿ, ನಮ್ಮ ಹುಡುಗಗೂ ಕಳಸ್ರಿ’ ಅಂದ. ಕಳಿಸಿದ್ದೇನೆ. ನಲವತ್ತೆರಡು.

ಹಳೆಯದನ್ನು ಕೆದಕಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ಹೋದ ವರ್ಷ ಇದೇ ಮಗುವಿಗೆ ಇದೇ ಗಣಿತ ಹೇಳಿಕೊಡುತ್ತಾ ನೀವು ನೋಟ್‌ಬುಕ್ಕನ್ನು ಬೀದಿಗೆ ಎಸೆದಿರಿ. ಆಕೆ ಹೋಗಿ ಹಾಳೆ ಆರಿಸಿ ತಂದಳು, ನಾನು ‘ಇನ್ನ ಮ್ಯಾಲೆ ಆಕಿಗೆ ಲೆಕ್ಕ ಹೇಳಬ್ಯಾಡ್ರಿ’ ಅಂದೆ. ನೀವು ಬಳ್ಳಾರಿಯ ಶಾಲೆಯೊಂದರಲ್ಲಿ ಕೆಲಸ ಹುಡುಕಿಕೊಂಡು ಹೋದಿರಿ. ನಾನು ಆ ದಿನ ಅಂದದ್ದು ಸರಿಯೇ ಇತ್ತು, ಈಗಲೂ ಹಾಗೇ ಅನ್ನುತ್ತೇನೆ. ಆದರೆ ನಿಮ್ಮ ಐದನೆಯ ವಿಡಿಯೋದಲ್ಲಿ ಒಂಬತ್ತು ಬರೆಯುವ ಕಡೆ ಆರು ಬರೆದಿರಿ. ಕೈ ಒಂದು ಕ್ಷಣ ಸ್ಲೇಟಿನ ಮೇಲೆ ನಿಂತಿತು. ಆಮೇಲೆ, ‘ತಡಿ, ನನ್ನದ ತಪ್ಪಾತು. ನೀ ಒಂಬತ್ತು ಬರೆದಿದ್ರ ನಿಂದ ಸರಿ’ ಅಂದಿರಿ. ಕತ್ತರಿಸಿ ತೆಗೆಯಬಹುದಿತ್ತು. ಹಾಗೇ ಬಿಟ್ಟಿದ್ದೀರಿ.

ಚೇತನಾ ಆ ಜಾಗವನ್ನು ನಾಲ್ಕು ಸಲ ಹಿಂದಕ್ಕೆ ಎಳೆದು ಕೇಳಿದಳು. ತಿಳಿಯಲಿಲ್ಲವೇನೇ ಎಂದು ಕೇಳಿದೆ. ‘ಲೆಕ್ಕ ಎಂದೋ ತಿಳೀತವ್ವಾ. ನಾ ಇದನ್ನ ಕೇಳಾಕತ್ತೀನಿ’ ಅಂದಳು. ಮದುವೆಯಾದ ಹದಿನೈದು ವರ್ಷದಲ್ಲಿ ನಾನು ಕೇಳದ ಆ ಮಾತನ್ನು ನಾನೂ ಕೂತು ಕೇಳಿದೆ. ಬ್ಲೌಸಿನ ಒಂದು ತೋಳು ಆ ದಿನ ತಿರುವುಮುರುವಾಯಿತು. ಬಿಚ್ಚಿ ಹೊಲಿದೆ.

ಹೀಗಾಗಿ ನನ್ನ ಶಿಫಾರಸು: ನಿಲ್ಲಿಸಿ ಮಾಡಿ ನೋಡಲು ಆ ಹುಡುಗಿ, ಕಾಲು ಸಿಕ್ಕಿಕೊಂಡ ಕಡೆ ಈ ಮುಖವಿಲ್ಲದ ಮೇಷ್ಟ್ರು. ಹಾಸ್ಟೆಲಿನ ಅರ್ಜಿಯನ್ನು ಸಹಿ ಇಲ್ಲದೆ ವಾಪಸು ಇಟ್ಟಿದ್ದೇನೆ. ಪ್ರತಿ ಭಾನುವಾರ ಆಕೆ ಇದು ತಿಳಿಯುತ್ತಿಲ್ಲ, ಅದು ತಿಳಿಯುತ್ತಿಲ್ಲ ಎಂದು ನಿಮ್ಮ ಹತ್ತಿರ ಗೋಳಾಡುವುದನ್ನು ಕೇಳಿ ನೀವು ಹೆದರಿದ್ದೀರಿ ಎಂದು ಬಲ್ಲೆ. ಹೆದರಬೇಡಿ. ಮಗು ನನ್ನ ಹತ್ತಿರವೇ ಇರಲಿ.

ಅತ್ತೆಯವರ ಆರೋಗ್ಯ ಚೆನ್ನಾಗಿದೆ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿರಿ. ಆ ಕೈ ತೆಳ್ಳಗಾಗಿದೆ.

ಇಂತಿ,
ನಲವತ್ತೊಂದರಲ್ಲಿ ಒಬ್ಬಳಾದ
ಮಂಗಳಾ

ಮರೆತಿದ್ದು: ಆಗಸ್ಟ್ ಪರೀಕ್ಷೆಯ ಉತ್ತರಪತ್ರಿಕೆಯನ್ನೂ ಇದರೊಳಗೆ ಇಟ್ಟಿದ್ದೇನೆ, ಇಪ್ಪತ್ತೈದಕ್ಕೆ ಇಪ್ಪತ್ತಮೂರು. ಇದನ್ನು ನಿಮಗೆ ಹೇಳಬಾರದೆಂದು ಚೇತನಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ‘ಲೆಕ್ಕ ಬಂತು ಅಂದ್ರ ಅಪ್ಪ ವಿಡಿಯೋ ಮಾಡೂದು ಬಿಡ್ತಾನವ್ವಾ’ ಅಂದಳು. ಭಾನುವಾರ ಯಾವುದು ತಿಳಿಯುವುದಿಲ್ಲವೆಂದು ನಿಮಗೆ ಹೇಳುವುದು ಎಂದು ಶನಿವಾರವೇ ಪುಸ್ತಕ ತಿರುವುತ್ತಾ ಕೂರುತ್ತಾಳೆ. ಈ ವಾರದ ಸರದಿ ಪೂರ್ಣಾಂಕಗಳ ಪಾಠದ್ದು. ಅದು ಆಕೆಗೆ ಬರುತ್ತದೆ. ಕೇಳುತ್ತಾ ಕೇಳುತ್ತಾ ನನಗೂ ಬರುತ್ತದೆ. ಇಬ್ಬರಿಗೂ ಬರುವುದಿಲ್ಲ ಎಂದುಕೊಂಡು ನೀವೇ ಬನ್ನಿ.