ಅಮ್ಮನ ಕೈಮಾತಿಗೆ ಕೋರ್ಟು ಕಿವಿಗೊಟ್ಟ ದಿನ

೧೭ ಆಗಸ್ಟ್, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ತಂಗಿಗೆ,

ಹೇಗಿದ್ದೀಯೇ? ಕೂಸು ಹೇಗಿದೆ? ಮೊದಲು ನನ್ನನ್ನು ಚೆನ್ನಾಗಿ ಬೈದುಬಿಡು, ಆಮೇಲೆ ಓದು. ಕೋರ್ಟಿನ ಮೆಟ್ಟಿಲ ಮೇಲಿಂದಲೇ ಫೋನ್ ಮಾಡಿ "ಗೆದ್ವಿ ಕಣೇ!" ಎಂದು ಕಿರುಚಿದವಳು ಆಮೇಲೆ ಪತ್ತೆಯೇ ಇಲ್ಲ ಎಂದು ನೀನು ಹಲ್ಲು ಕಡಿಯುತ್ತಿರುತ್ತೀಯ, ನನಗೆ ಗೊತ್ತು. ಆ ಕಡೆ ನಿನ್ನ ಮಗು ಅಳುತ್ತಿತ್ತು, ಈ ಕಡೆ ನಾನು ಅಳುತ್ತಿದ್ದೆ. "ಎಲ್ಲಾ ಬರೆದು ಕಳ್ಸು, ಒಂದು ಮಾತೂ ಬಿಡ್ಬೇಡ" ಎಂದು ನೀನು ಫೋನ್ ಇಟ್ಟೆ. ಏನು ಮಾಡಲಿ, ಹಾಸ್ಟೆಲ್ಲಿನವರು ಇದ್ದಬದ್ದ ಹಾಸಿಗೆಗಳನ್ನೆಲ್ಲ ಹೊಸದಾಗಿ ಹೊಲಿದುಕೊಡಿ ಎಂದು ಅಂಗಡಿಯಲ್ಲಿ ತಂದು ಸುರಿದಿದ್ದಾರೆ. ಈಗಲೂ ತಲೆತುಂಬ ಹತ್ತಿ ಮೆತ್ತಿಕೊಂಡೇ ಬರೆಯುತ್ತಿದ್ದೇನೆ. ಬಾಣಂತಿ ನೀನು, ಆರಾಮಾಗಿ ಕಾಲು ಚಾಚಿ ಕೂತು ಓದು.

ಮಾಮ ಹಾಕಿದ ಅರ್ಜಿಯನ್ನು ನೀನು ಪೂರ್ತಿ ಓದಿರಲಿಲ್ಲ. ಒಳ್ಳೆಯದೇ ಆಯಿತು, ಹಾಲು ಬತ್ತಿಹೋಗುತ್ತಿತ್ತು. "ನನ್ನ ಅಕ್ಕನಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ, ಆದ್ದರಿಂದ ಲೋಕಜ್ಞಾನವೂ ಇಲ್ಲ. ಅವಳ ಹೆಸರಲ್ಲಿರುವ ಹಾಸಿಗೆ ಅಂಗಡಿ ಮತ್ತು ಮೇಲಿನ ಮನೆಯನ್ನು ನೋಡಿಕೊಳ್ಳಲು ಒಡಹುಟ್ಟಿದ ತಮ್ಮನಾದ ನನ್ನನ್ನೇ ಪೋಷಕನನ್ನಾಗಿ ನೇಮಿಸಬೇಕು." ನೋಡಿಕೊಳ್ಳುವುದಂತೆ! ಪಕ್ಕದಲ್ಲಿ ಕಾಂಪ್ಲೆಕ್ಸ್ ಕಟ್ಟುತ್ತಿರುವವನಿಗೆ ಮಾರಿ ಕೈತೊಳೆದುಕೊಳ್ಳುವುದಕ್ಕೆ ಇಷ್ಟು ಚಂದದ ಹೆಸರು. ಅಪ್ಪ ಹೋದ ಮೇಲೆ ಆ ಅಂಗಡಿಯಲ್ಲಿ ಹೊಲಿದು ಹೊಲಿದೇ ಅಲ್ಲವೇ ಅಮ್ಮ ನಮ್ಮಿಬ್ಬರನ್ನೂ ಸಾಕಿದ್ದು? ಅವಳಿಗೆ ಲೋಕಜ್ಞಾನ ಇಲ್ಲವಂತೆ. ಓದಿ ನನಗೆ ಮೈಯೆಲ್ಲ ಉರಿದುಹೋಗಿತ್ತು.

ಆವತ್ತು ಕೋರ್ಟಿನ ಬಾಗಿಲಲ್ಲೇ ಒಂದು ನಾಟಕ ನಡೆಯಿತು. ಅಮ್ಮ ಎಂದಿನಂತೆ ಭುಜದ ಹತ್ತಿರ ಬಟ್ಟೆಗೆ ದಬ್ಬಳ ಚುಚ್ಚಿಕೊಂಡೇ ಬಂದುಬಿಟ್ಟಿದ್ದಳು. ತಪಾಸಣೆ ಮಾಡುವ ಪೊಲೀಸಮ್ಮ ಅಷ್ಟುದ್ದದ ಸೂಜಿ ನೋಡಿ ಹೌಹಾರಿದಳು. "ಇದೇನ್ರೀ, ಯಾರನ್ನ ಚುಚ್ಚೋಕೆ ಬಂದಿದ್ದೀರಿ?" ಎಂದಳು. "ಸದ್ಯಕ್ಕೆ ಹಾಸಿಗೆನಷ್ಟೇ" ಎಂದೆ. ದಬ್ಬಳ ಅಲ್ಲೇ ಮೇಜಿನ ಮೇಲೆ ಉಳಿಯಿತು. ಒಳಗೆ ಬೆಂಚಿನ ಮೇಲೆ ಜಾಗವೇ ಇಲ್ಲ. ವಿಚ್ಛೇದನಕ್ಕೆ ಬಂದ ಗಂಡ ಹೆಂಡತಿ ಒಂದೇ ಬಾಟಲಿಯ ನೀರು ಕುಡಿಯುತ್ತಾ ಕಚ್ಚಾಡುತ್ತಿದ್ದರು. ಅವರನ್ನು ಸರಿಸಿ ಅಮ್ಮನನ್ನು ಕೂರಿಸಿದೆ.

ನಮ್ಮ ವಕೀಲೆ ಗೊತ್ತಲ್ಲ, ಉಚಿತ ಕಾನೂನು ನೆರವಿನವರು ಕೊಟ್ಟ ಹುಡುಗಿ, ನಾನು ಮೆಣಸಿನಕಾಯಿ ಎಂದು ಹೆಸರಿಟ್ಟವಳು. ನಾನೇ ಅಮ್ಮನ ಮಾತಿಗೆ ಅರ್ಥ ಹೇಳುತ್ತೇನೆ ಎಂದು ಅವಳ ಮೂಲಕ ಕೇಳಿಸಿದೆ. ಮಾಮನ ವಕೀಲ ಎದ್ದು, "ಮಗಳು ತನಗೆ ಬೇಕಾದ್ದು ಹೇಳ್ತಾಳೆ ಮೇಡಂ, ಆಸ್ತಿ ನಾಳೆ ಅವಳಿಗೇ ತಾನೆ ಹೋಗೋದು?" ಎಂದ. ಜಡ್ಜಮ್ಮ ಅವನ ಮಾತನ್ನೇ ಒಪ್ಪಿದರು. ಕಿವುಡರ ಶಾಲೆಯಿಂದ ಒಬ್ಬ ಟೀಚರನ್ನು ಅವರೇ ಕರೆಸಿದ್ದರು. ಪಾಪ, ಆಕೆ ತುಂಬ ಪ್ರಯತ್ನಪಟ್ಟರು. ಆದರೆ ಅಮ್ಮ ಶಾಲೆಯ ಮುಖ ನೋಡಿದವಳಾ? ಅವಳ ಕೈಮಾತು ಹುಟ್ಟಿದ್ದೇ ಮನೆಯಲ್ಲಿ, ಅವಳೂ ಮಾಮನೂ ಚಿಕ್ಕವರಿದ್ದಾಗ ಆಡುತ್ತಾ ಆಡುತ್ತಾ ಕಟ್ಟಿಕೊಂಡದ್ದು. ನಮಗೆ ಬಂದಿರುವುದೂ ಅದರಲ್ಲಿ ಅಡುಗೆಮನೆಗೆ, ಅಂಗಡಿಗೆ ಬೇಕಾದಷ್ಟು. ಟೀಚರ್ ಕೊನೆಗೆ ಕೈಚೆಲ್ಲಿದರು. "ಇವರು ಏನೋ ಹೇಳ್ತಿದ್ದಾರೆ ಮೇಡಂ, ನನಗೆ ಅರ್ಥ ಆಗ್ತಿಲ್ಲ."

ಆ ವಕೀಲನಿಗೆ ಅಷ್ಟೇ ಸಾಕಾಯಿತು. "ನೋಡಿ ಮೇಡಂ, ಕಲಿಸೋ ಟೀಚರಿಗೇ ತಿಳೀತಿಲ್ಲ! ಈಕೆಗೆ ಭಾಷೆಯೇ ಇಲ್ಲ. ಭಾಷೆ ಇಲ್ಲದೋರಿಗೆ ತಿಳಿವಳಿಕೆ ಎಲ್ಲಿಂದ ಬರುತ್ತೆ? ಸ್ವಂತ ತಮ್ಮನಿಗೂ ಈಕೆ ಜೊತೆ ಮಾತಾಡೋಕಾಗಲ್ಲ." ಮಾಮ ತಲೆ ತಗ್ಗಿಸಿ ಹೌದೆನ್ನುವಂತೆ ನಿಂತಿದ್ದ. ಮುಗಿಯಿತು, ಅಂಗಡಿ ಹೋಯಿತು ಎಂದುಕೊಂಡೆ. ಮೆಣಸಿನಕಾಯಿಯೂ ಪೆನ್ನು ಕಚ್ಚುತ್ತಾ ಕೂತುಬಿಟ್ಟಿದ್ದಳು.

ಅಮ್ಮ ಮಾತ್ರ ಕಟಕಟೆಯಲ್ಲಿ ನಿಂತು ತಮ್ಮನನ್ನೇ ನೋಡುತ್ತಿದ್ದಳು. ಮಾಮನಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು, ಮುಖ ಬಿಳಚಿಕೊಂಡಿತ್ತು. ಅಮ್ಮ ಹುಬ್ಬು ಗಂಟಿಕ್ಕಿ, ಎರಡು ಬೆರಳನ್ನು ಬಾಯಿಗೆ ಇಟ್ಟು, ಕತ್ತು ಆಡಿಸಿ ಕೇಳಿದಳು. ಮಾಮ ಯೋಚನೆಯನ್ನೇ ಮಾಡದೆ ಎರಡೂ ಕೈ ಎತ್ತಿ ಟಕಟಕ ಉತ್ತರ ಕೊಟ್ಟುಬಿಟ್ಟ! ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ.

"ನಿಲ್ಲಿ" ಎಂದರು ಜಡ್ಜಮ್ಮ. "ಈಗ ಏನು ಮಾತಾಡಿದ್ರಿ?"

"ಏನಿಲ್ಲ ಮೇಡಂ."

"ಏನಿಲ್ಲ ಅಂದ್ರೆ? ಅವರು ಕೇಳಿದ್ರು, ನೀವು ಹೇಳಿದ್ರಿ. ನನಗೆ ಕಣ್ಣಿದೆ. ಪ್ರಮಾಣ ಮಾಡಿದ್ದೀರಿ, ನೆನಪಿರ್ಲಿ."

ಮಾಮ ಕೈ ಕೆಳಗಿಳಿಸಿದ. "ಮಾತ್ರೆ ತಗೊಂಡ್ಯಾ ಅಂತ ಕೇಳಿದ್ಲು. ಬೆಳಿಗ್ಗೆದು ತಗೊಂಡೆ, ಊಟ ಆದ್ಮೇಲಿಂದು ಬಾಕಿ ಇದೆ ಅಂದೆ."

ಅವನ ವಕೀಲನ ಮುಖ ನೋಡಬೇಕಿತ್ತು ಕಣೇ, ಇಂಗು ತಿಂದ ಮಂಗನ ಹಾಗಾಗಿತ್ತು! ಜಡ್ಜಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರಿ ಹಾಗಾದ್ರೆ. ನನ್ನ ಪ್ರಶ್ನೆನ ಅವರಿಗೆ ನೀವೇ ಕೇಳಿ, ಅವರು ಹೇಳಿದ್ದನ್ನ ನನಗೆ ನೀವೇ ಹೇಳಿ. ತಪ್ಪು ಹೇಳಿದ್ರೆ ಮಗಳು ಇಲ್ಲೇ ಇದ್ದಾರೆ, ಕೈ ಎತ್ತುತ್ತಾರೆ. ನಿಮ್ಮ ವಿರುದ್ಧ ನೀವೇ ಅರ್ಥ ಹೇಳಿದ್ರೆ ಅದಕ್ಕಿಂತ ಸಾಕ್ಷಿ ಏನು ಬೇಕು?"

ಇಲ್ಲಿಗೆ ಯಾಕೆ ಬಂದಿದ್ದೀರಿ ಎಂದು ಮೊದಲನೇ ಪ್ರಶ್ನೆ. ಅಮ್ಮನ ಕೈಗಳು ನಿಧಾನವಾಗಿ ಆಡಿದವು. ಮಾಮ ಹಣೆಯ ಬೆವರು ಒರೆಸಿಕೊಂಡ. ಆಮೇಲೆ ನೆಲ ನೋಡುತ್ತಾ ಹೇಳಿದ. "'ನನಗೆ ಬುದ್ಧಿ ಇಲ್ಲ ಅಂತ ನಿಮಗೆ ಹೇಳೋಕೆ ನನ್ನ ತಮ್ಮ ಕರ್ಕೊಂಡು ಬಂದಿದ್ದಾನೆ' ಅಂತಿದ್ದಾಳೆ." ಕಚ್ಚಾಡುತ್ತಿದ್ದ ಗಂಡ ಹೆಂಡತಿಯೂ ಬಾಯಿ ಮುಚ್ಚಿದರು. ನಾನು ಕೈ ಎತ್ತಲಿಲ್ಲ, ಒಂದಕ್ಷರವೂ ತಪ್ಪಿರಲಿಲ್ಲ.

ಅಂಗಡಿ ಮಾರುವ ವಿಷಯಕ್ಕೆ ನೀವೇನಂತೀರಿ ಎಂದು ಕೇಳಿಸಿದರು. "'ನಾನು ಬದುಕಿರೋವರೆಗೂ ಮಾರಲ್ಲ. ಆಮೇಲೆ ಹುಡುಗೀರ ಇಷ್ಟ' ಅಂತಿದ್ದಾಳೆ." ಅಮ್ಮನ ಕೈ ಇನ್ನೂ ಆಡುತ್ತಲೇ ಇತ್ತು. "ಇನ್ನೂ ಏನೋ ಹೇಳ್ತಿದ್ದಾರಲ್ಲ?" ಎಂದರು ಜಡ್ಜಮ್ಮ. ಮಾಮ ತಡವರಿಸಿದ. "ಅದು... ನಿಮ್ಮ ಕುರ್ಚಿ ದಿಂಬು ಒಂದು ಕಡೆ ಕುಸಿದಿದೆಯಂತೆ ಮೇಡಂ, ಬೆನ್ನು ನೋಯ್ತಿರಬೇಕಂತೆ. ಒಂದು ಚೆನ್ನಾಗಿರೋದು ಹೊಲಿದು ಕೊಡ್ತಾಳಂತೆ." ಕೋರ್ಟಿಗೆ ಕೋರ್ಟೇ ಘೊಳ್ಳೆಂದು ನಕ್ಕಿತು. ಜಡ್ಜಮ್ಮನೂ ನಗು ತಡೆಯಲಿಲ್ಲ. "ನಾನು ಅದನ್ನ ತಗೊಳ್ಳೋ ಹಾಗಿಲ್ಲ ಅಂತ ಹೇಳಿ. ಬೆನ್ನು ನೋಯ್ತಿರೋದು ನಿಜ ಅಂತ್ಲೂ ಹೇಳಿ."

ಅರ್ಜಿ ವಜಾ! ಅಲ್ಲೇ, ಅವತ್ತೇ! "ಈಕೆಗೆ ಭಾಷೆ ಇದೆ, ತಿಳಿವಳಿಕೆ ಇದೆ, ತನ್ನ ಆಸ್ತಿಯನ್ನು ತಾನೇ ನೋಡಿಕೊಳ್ಳಬಲ್ಲಳು" ಎಂದು ಆಜ್ಞೆ ಹೇಳಿ ಬರೆಸಿದರು. ಅಮ್ಮ ಹೇಳಿದ್ದೆಲ್ಲ ಅಮ್ಮನ ಹೇಳಿಕೆ ಎಂದೇ ದಾಖಲಾಯಿತು. ಹುಟ್ಟಿದಾಗಿನಿಂದ ಮೂಕಿ ಎನ್ನಿಸಿಕೊಂಡವಳ ಮಾತು ಸರ್ಕಾರದ ಕಾಗದದ ಮೇಲೆ ಕೂತಿತು ಕಣೇ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮೆಣಸಿನಕಾಯಿ ಕರಿಕೋಟಿನ ತೋಳಲ್ಲೇ ಕಣ್ಣು ಒರೆಸಿಕೊಂಡಳು. ಆ ಟೀಚರ್ ಓಡಿಬಂದು ಅಮ್ಮನ ಕೈ ಹಿಡಿದು, "ನನಗೂ ಕಲಿಸ್ತೀರಾ?" ಎಂದು ಕೇಳಿದರು. ಈಗ ವಾರಕ್ಕೊಮ್ಮೆ ಅಂಗಡಿಗೆ ಬಂದು ಹತ್ತಿ ರಾಶಿಯ ಪಕ್ಕ ಶಿಷ್ಯೆಯ ಹಾಗೆ ಕೂರುತ್ತಾರೆ. ಅಮ್ಮನ ಗತ್ತು ನೋಡಬೇಕು ನೀನು! ಅಂಗಡಿ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದೇವೆ. ಕಾಂಪ್ಲೆಕ್ಸಿನವನು ದಿನಾ ಅದನ್ನು ನೋಡಿಕೊಂಡೇ ಹಾದುಹೋಗಬೇಕು, ಹೋಗಲಿ.

ಇಷ್ಟೇ ಸಮಾಚಾರ. ನಿನ್ನ ಕೂಸಿಗೆ ಅಜ್ಜಿ ಪುಟ್ಟ ಹಾಸಿಗೆಯೊಂದನ್ನು ಹೊಲಿದಿದ್ದಾಳೆ, ಕಳಿಸುತ್ತೇನೆ. ನೂರು ಕಾಲ ಸುಖವಾಗಿ ಬಾಳಿ, ಮಗು ಗುಂಡುಗುಂಡಾಗಿ ಬೆಳೆಯಲಿ. ಭಾವ ಎನ್ನಿಸಿಕೊಳ್ಳುವ ನನ್ನ ಯಜಮಾನರೂ ಹರಸಿದ್ದಾರೆ.

ನಿನ್ನ ಪ್ರೀತಿಯ,
ಅಕ್ಕ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮಾಮ ಆವತ್ತಿನಿಂದ ಈ ಕಡೆ ತಲೆ ಹಾಕಿಲ್ಲ. ಪೀಡೆ ತೊಲಗಿತು ಎಂದುಕೊಂಡೆ ನಾನು. ಮೊನ್ನೆ ಹೊಲಿಯುತ್ತಾ ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ ಒಬ್ಬಳೇ ನಕ್ಕಳು. ಏನು ಎಂದೆ. ಬೆರಳನ್ನು ಕಿವಿಯ ಹಿಂದಿಟ್ಟು, ಅಂಗೈಯನ್ನು ಗಾಳಿಯಲ್ಲಿ ಗರಗರ ತಿರುಗಿಸಿ, ಕೆನ್ನೆ ಉಬ್ಬಿಸಿ ತೋರಿಸಿದಳು. ತಿಳಿಯಲಿಲ್ಲ. ಮತ್ತೆ ತೋರಿಸಿದಳು, ನಿಧಾನವಾಗಿ, ಮಕ್ಕಳಿಗೆ ಹೇಳಿಕೊಡುವ ಹಾಗೆ. ಊಹೂಂ. ನಾವು ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಮಾತು ಕಣೇ ಅದು, ಅವರಿಬ್ಬರ ಬಾಲ್ಯದ್ದು. "ಬಿಡು, ಅವನಿಗೆ ಗೊತ್ತು" ಎಂದು ಮಾಮನ ಮನೆಯ ಕಡೆಗೆ ಕೈ ತೋರಿಸಿದಳು. ಆ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ನಿನಗೇನಾದರೂ ಅದರ ಅರ್ಥ ಗೊತ್ತಾ? ಗೊತ್ತಿದ್ದರೆ ಇವತ್ತೇ ಬರಿ. ಗೊತ್ತಿರುವವರು ಈ ಭೂಮಿಯ ಮೇಲೆ ಇಬ್ಬರೇ, ಅವರಿಬ್ಬರೂ ಈಗ ಮಾತು ಬಿಟ್ಟಿದ್ದಾರೆ.