ಸವೆದ ಕೊಕ್ಕೆ

ಅಪ್ಪಾ,

ನೀನು ತೀರಿಕೊಂಡು ಎಂಟು ತಿಂಗಳಾದರೂ ನಿನ್ನ ಸೆಮಿ-ಆಟೋಮ್ಯಾಟಿಕ್ ರೈಫಲ್ ನನ್ನನ್ನು ಕಾಡುವುದು ಬಿಟ್ಟಿಲ್ಲ. ಇಲ್ಲಿ ಮೊಂಟಾನಾದಲ್ಲಿ ಇನ್ನು ಆರು ದಿನಕ್ಕೆ ಜಿಂಕೆ ಬೇಟೆ ಶುರು. ಅದಕ್ಕೇ ಗುಂಡಿಲ್ಲವೆಂದು ಖಾತ್ರಿಮಾಡಿಕೊಂಡು ಇವತ್ತು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದೆ. ಹೊಸ ಸ್ಪ್ರಿಂಗ್ ಎರಡು ಸಲ ಚಿಮ್ಮಿ ಫ್ರಿಜ್ಜಿನ ಕೆಳಗೆ ಸೇರಿತು. ಇಪ್ಪತ್ತು ವರ್ಷ ಒಂದು ಭಾಗವನ್ನೂ ಬದಲಿಸಲಿಲ್ಲವಲ್ಲ, ಮಹಾರಾಯ!

ಖಾಲಿ ತೋಟಾವನ್ನು ಎಳೆದು ಹೊರಹಾಕುವ ಕೊಕ್ಕೆಯನ್ನು ನನ್ನ ಗಂಡ ಡಾರೆಲ್ ಬೆಳಕಿಗೆ ಹಿಡಿದ.

"ನೋಡೇ ವರ್ನಾ, ಇದರ ಹಲ್ಲೇ ಸವೆದು ಹೋಗಿದೆ. ಯಾರ ಕೈಲಿದ್ರೂ ಖಾಲಿ ತೋಟಾ ಒಳಗೇ ಸಿಕ್ಹಾಕ್ಕೊಂಡು ಮುಂದಿನ ಗುಂಡು ಹಾರ್ತಿರ್ಲಿಲ್ಲ."

"ಸುಮ್ನೆ ಕೊಡು ಇಲ್ಲಿ," ಎಂದೆ.

ಮೂರು ವರ್ಷದ ಹಿಂದೆ ಆ ದೊಡ್ಡ ಕೊಂಬಿನ ಜಿಂಕೆ ಎದುರಿಗೇ ನಿಂತಿದ್ದಾಗ ನಿನ್ನ ಎರಡನೇ ಗುಂಡು ಹಾರಲೇ ಇಲ್ಲ. ಎಲ್ಲರ ಮುಂದೆ ನಾನು, "ಕೈ ನಡುಗ್ತಿದೆ, ಇನ್ನು ಮನೇಲಿರು ಮುದುಕಾ," ಎಂದು ನಕ್ಕೆ. ನೀನೂ ನಕ್ಕೆ. ಮತ್ತೆ ಬೇಟೆಗೆ ಬರಲಿಲ್ಲ.

ಬಂದೂಕಿನದೇ ತಪ್ಪು ಅಂತ ಒಂದು ಮಾತು ಹೇಳಲು ನಿನಗೇನಾಗಿತ್ತು? ಹವಾಮಾನದ ಬಗ್ಗೆಯೂ ಜಗಳವಾಡುತ್ತಿದ್ದವನು ನೀನು!

ಹೊಸ ಕೊಕ್ಕೆ ಹಾಕಿ, ಹಿತ್ತಲ ಗುಡ್ಡಕ್ಕೆ ಗುರಿಯಿಟ್ಟು ಹತ್ತು ಗುಂಡು ಹಾರಿಸಿದೆ. ಒಂದು ತೋಟಾವೂ ಸಿಕ್ಕಿಕೊಳ್ಳಲಿಲ್ಲ. ಡಾರೆಲ್ ಚಪ್ಪಾಳೆ ತಟ್ಟಿದ. ಪಾಪ, ಅವನ ಮೇಲೆ ರೇಗಿಬಿಟ್ಟೆ.

ವರ್ನಾ